ನೂರನೆಯ ಕಪಾಟಿನ ಕಪ್ಪೆಯ ಕುರಿತು ಕೋಮೆತಾ ಕಂಪನಿಗೆ

ಗ್ರಾಹಕ ಸಂತೋಷ ವಿಭಾಗದ ಮುಖ್ಯಾಧಿಕಾರಿಗಳಿಗೆ,
ಕೋಮೆತಾ ಗೃಹಕ್ರೀಡಾ ಕಂಪನಿ, ಸೋಫಿಯಾ.

ದೇಶದ ಸಂತೋಷವನ್ನೆಲ್ಲ ಒಂದೇ ವಿಭಾಗದಲ್ಲಿ ಕೂಡಿಟ್ಟು ಕಾಯುತ್ತಿರುವ ಮಾನ್ಯರೇ,

ರುಸೆ ಪಟ್ಟಣದ ನದೀದಡದಿಂದ, ಕೃತಕ ಹಲ್ಲು ಕಟ್ಟುವ ಕಸುಬಿನ ವೆನೆತಾ ತಾಚೆವಾ ಎಂಬ ನಾನು, ತಮಗೂ, ತಮ್ಮ ವಿಭಾಗಕ್ಕೂ, ತಮ್ಮ ದೂರವಾಣಿಯಲ್ಲಿ ಇಪ್ಪತ್ತೆರಡು ನಿಮಿಷ ಎಡೆಬಿಡದೆ ಕೇಳಿಸುವ ಆ ಕೊಳಲಿಗೂ ಬೇರೆಬೇರೆಯಾಗಿ ವಂದಿಸಿ ಬರೆದುಕೊಳ್ಳುವ ಅರಿಕೆ ಏನೆಂದರೆ, ತಾವು ಈ ವರ್ಷ ಮಾರುಕಟ್ಟೆಗೆ ಬಿಟ್ಟಿರುವ 'ಕೋಮೆತಾ ಸ್ಮೃತಿ' ಎಂಬ ಟೀವಿ ಆಟದ ಪೆಟ್ಟಿಗೆಯನ್ನು ನಾನು ಕೊಂಡೆ, ಆಡಿದೆ, ತಮ್ಮ ವಿಭಾಗಕ್ಕೆ ಪತ್ರ ಬರೆದೆ, ಉತ್ತರವನ್ನೂ ಪಡೆದೆ. ಆ ಉತ್ತರ ಏನೇನು ಮಾಡಿತು ಎಂಬುದನ್ನು ತಮಗೆ ತಿಳಿಸದೇ ಇದ್ದರೆ ಗ್ರಾಹಕಳಾಗಿ ನನ್ನ ಕರ್ತವ್ಯಕ್ಕೆ ಲೋಪ ಬಂದೀತು ಎಂಬ ಒಂದೇ ಅಂಜಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ತಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ 'ನಿಮ್ಮ ಬಾಲ್ಯ, ಇದ್ದದ್ದು ಇದ್ದಂತೆ' ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. ತಾವು ನನ್ನ ಬಾಲ್ಯವನ್ನು ನೋಡಿರುವ ಸಂಭವ ಕಡಿಮೆಯಾದ್ದರಿಂದ, ಹೋಲಿಸಿ ನೋಡಲು ಅನುಕೂಲವಾಗಲೆಂದು ಅದರ ಒಂದು ತುಂಡನ್ನು ಇಲ್ಲಿ ಒದಗಿಸುತ್ತೇನೆ.

ಹಳೆಯ ಕೋಮೆತಾ ನಮ್ಮ ಮನೆಗೆ ಬಂದದ್ದು ೧೯೯೩ರಲ್ಲಿ. ರುಸೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಅಪ್ಪ ಅದನ್ನು ಸಂತೆಯಲ್ಲಿ ಕೊಂಡು ಕೋಟಿನೊಳಗೆ ಬಚ್ಚಿಟ್ಟು ತಂದಿದ್ದರು. ಅದರ ಹಳದಿ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು. ಇದ್ದವು ಏಳು, ಉಳಿದವೆಲ್ಲ ಅವೇ ಏಳು, ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ಬಂದವು. ಆದರೂ ಆ ಸುಳ್ಳು ಪ್ರಾಮಾಣಿಕವಾಗಿತ್ತು, ಮಾನ್ಯರೇ. ಅದನ್ನು ನಂಬಿ ಯಾರೂ ಕೆಡುತ್ತಿರಲಿಲ್ಲ. ಉರಿಯುವ ಕಟ್ಟಡಕ್ಕೆ ಏಣಿ ಹಾಕಿ ಹತ್ತುವ ಬೆಂಕಿದಳದವನ ಆಟ ಅಪ್ಪನದು. ನಾವು ಅಕ್ಕತಂಗಿಯರದು ಜಾಡಿ ಆಟ. ಅದರ ನಿಜವಾದ ಹೆಸರು ಯಾವ ಲಿಪಿಯಲ್ಲಿತ್ತೋ ನಮಗೆ ಇವತ್ತಿಗೂ ತಿಳಿಯದು. ಮೇಲಿನಿಂದ ಕೆಂಪು, ಹಸಿರು, ಹಳದಿ ಜಾಡಿಗಳು ಬೀಳುತ್ತವೆ. ಒಂದೇ ಬಣ್ಣದ ಮೂರು ಸಾಲಾದರೆ ಮಾಯವಾಗುತ್ತವೆ. ಕಪಾಟು ಖಾಲಿಯಾದರೆ ಮುಂದಿನ ಕಪಾಟು. ಅಪ್ಪನಿಗೆ ಅದು ಕಡೆಗೂ ಕೈಹತ್ತಲಿಲ್ಲ. ಹಗಲೆಲ್ಲ ಟನ್‌ಗಟ್ಟಲೆ ಕಬ್ಬಿಣವನ್ನು ಮೆಲ್ಲಗೆ ಇಳಿಸಿ ರೂಢಿಯಾದವರು ಜಾಡಿಯನ್ನೂ ಅಷ್ಟೇ ಮೆಲ್ಲಗೆ ಇಳಿಸಲು ಹೋಗಿ ಮೂರನೆಯ ಕಪಾಟಿನಲ್ಲೇ ಸೋಲುತ್ತಿದ್ದರು.

ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಯೊರ್ದಾಂಕಾ, ಅಂದರೆ ನಮ್ಮ ದಾಂಕಾ, ಆಗ ಹದಿನೇಳರ ಹುಡುಗಿ. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮೀನು ಹಿಡಿಯಲು ಹೋಗಿದ್ದರು, ನಾನು ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದೆ, ಅಮ್ಮ ಒಳಗಿನ ಕೋಣೆಯಲ್ಲಿದ್ದರು. ಅಕ್ಕ ನೂರನೆಯ ಕಪಾಟನ್ನು ಖಾಲಿ ಮಾಡಿದಳು. ಮರುಕ್ಷಣವೇ ಮನೆಯ ಫ್ಯೂಸು ಹಾರಿತು. ಅಮ್ಮ ಇಸ್ತ್ರಿಪೆಟ್ಟಿಗೆ ಹಚ್ಚಿದ್ದರಿಂದ ಹಾರಿತೆಂದು ಎಲ್ಲರೂ ಹೇಳುತ್ತಾರೆ. ಅಮ್ಮ ಮಾತ್ರ ಎಪ್ಪತ್ತೆಂಟರ ಈ ವಯಸ್ಸಿನಲ್ಲೂ ಅದನ್ನು ಒಪ್ಪುವುದಿಲ್ಲ. ಹಳೆಯ ಪೆಟ್ಟಿಗೆಗೆ ನೆನಪಿನ ಶಕ್ತಿ ಇರಲಿಲ್ಲ. ಕರೆಂಟು ಹೋದರೆ ಗೆದ್ದದ್ದೂ ಹೋಯಿತು.

ಅಕ್ಕ ಮೆಟ್ಟಿಲು ಹಾರುತ್ತ ಕೆಳಗೆ ಓಡಿಬಂದಳು. "ವೆನೆ, ನೂರು ಮುಗೀತು ಕಣೆ! ಒಂದು ಜಾಡಿ ಉರುಳ್ಕೊಂಡು ಬಂತು, ಮುಚ್ಚಳ ತೆಗೀತು, ಒಳಗಿಂದ ಕಪ್ಪೆ ಬಂದು ನಂಗೆ ಬಗ್ಗಿ ನಮಸ್ಕಾರ ಮಾಡ್ತು!"

ರಾತ್ರಿಯ ಊಟಕ್ಕೆ ಕೂತಾಗ ಅಪ್ಪ ನ್ಯಾಯಾಧೀಶರಂತೆ ಚಮಚೆ ಎತ್ತಿ, "ಸಾಕ್ಷಿ ಯಾರು?" ಎಂದು ಕೇಳಿದರು. ಸಾಕ್ಷಿ ಇರಲಿಲ್ಲ. "ಹಂಗಾದ್ರೆ ಆ ಕಪ್ಪೇನೇ ಕರ್ಕೊಂಡು ಬಾ, ಸೂಪಿಗೆ ಹಾಕೋಣ" ಎಂದರು. ಅವತ್ತಿನಿಂದ ನಮ್ಮ ಮನೆಯ ಮಾತಿನಲ್ಲಿ ಕಪ್ಪೆ ಎಂದರೆ ಸುಳ್ಳು ಎಂದಾಯಿತು. ಬಸ್ಸು ತಡವಾಯಿತು ಎಂದರೆ ಕಪ್ಪೆ. ಟೀಚರು ಮೆಚ್ಚಿದರು ಎಂದರೆ ಕಪ್ಪೆ. ದಾಂಕಾ ಬಾಯಿ ತೆರೆದರೆ ಸಾಕು, ಹನ್ನೆರಡು ವರ್ಷದ ನಾನು ಮೇಜಿನ ಕೆಳಗಿಂದ 'ವಟರ್' ಎನ್ನುತ್ತಿದ್ದೆ. ಈ ಕಲೆಯಲ್ಲಿ ನನಗಿದ್ದ ಪ್ರತಿಭೆಯನ್ನು ನೆಂಟರಿಷ್ಟರೆಲ್ಲ ಕೊಂಡಾಡುತ್ತಿದ್ದರು.

ಹತ್ತು ವರ್ಷ ಕಳೆದು ೨೦೦೩ರ ಅಕ್ಟೋಬರಿನಲ್ಲಿ, ಚಳಿಗಾಲಕ್ಕೆಂದು ಸುಟ್ಟು ಜಾಡಿಗೆ ತುಂಬುವ ಕೆಂಪು ಮೆಣಸಿನಕಾಯಿಯ ಪೆಟ್ಟಿಗೆಗಳನ್ನು ಅಪ್ಪನೂ ಅಕ್ಕನೂ ಹೊತ್ತು ತರುತ್ತಿದ್ದರು. ಲಿಫ್ಟು ಕೆಟ್ಟಿತ್ತು. ಮನೆಯೊಳಗೆ ಬಂದ ಅಕ್ಕ, ಅಪ್ಪ ಕೈ ತೊಳೆಯಲು ಹೋಗಿದ್ದಾಗ ತಗ್ಗಿದ ದನಿಯಲ್ಲಿ, "ಮೂರನೇ ಮಹಡಿ ಹತ್ರ ಅಪ್ಪ ಗೋಡೆ ಹಿಡ್ಕೊಂಡು ನಿಂತ್ಬಿಟ್ರು. ಮುಖ ಬೂದಿ ಥರ ಆಗಿತ್ತು, ಎಡಗೈ ಉಜ್ಕೊತಿದ್ರು. ನಾಳೇನೇ ಡಾಕ್ಟ್ರಿಗೆ ತೋರಿಸ್ಬೇಕು" ಎಂದಳು. ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ದಾಂಕಾಗೆ ಮತ್ತೆ ಕಪ್ಪೆ ಕಾಣಿಸ್ತಪ್ಪೋ!" ಎಂದರು. ಅಮ್ಮ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹತ್ತೊಂಬತ್ತು ದಿನಗಳಾದ ಮೇಲೆ ಬಂದರಿನಲ್ಲಿ ಕ್ರೇನಿನ ಕೊಕ್ಕೆ ಎಷ್ಟು ಹೊತ್ತಾದರೂ ಕದಲದೇ ಇದ್ದುದನ್ನು ಕಂಡು ಜೊತೆಯವರು ಮೇಲೆ ಹತ್ತಿ ಅಪ್ಪನನ್ನು ಇಳಿಸಿ ತಂದರು. ಮರುವರ್ಷ ಅಕ್ಕ ರೈಲ್ವೆಯ ಟಿಕೆಟ್ ಕಿಟಕಿಯ ಕೆಲಸಕ್ಕೆ ದೂರದ ವಿದಿನ್‌ಗೆ ವರ್ಗ ಮಾಡಿಸಿಕೊಂಡು ಹೋದಳು. ಹಬ್ಬಕ್ಕೆ ಫೋನು ಮಾಡುತ್ತಿದ್ದಳು. ಆರೋಗ್ಯ, ಹವಾಮಾನ ಕೇಳಿ ಇಡುತ್ತಿದ್ದಳು.

ಇಂಥ ಬಾಲ್ಯವನ್ನು 'ಇದ್ದದ್ದು ಇದ್ದಂತೆ' ಮರಳಿಸಲು ತಾವು ಮುಂದಾಗಿದ್ದೀರಿ. ತಮ್ಮ ಧೈರ್ಯಕ್ಕೆ ಮೆಚ್ಚಲೇಬೇಕು.

ಈ ವಸಂತದಲ್ಲಿ ತಮ್ಮ ಪೆಟ್ಟಿಗೆಯನ್ನು ತಂದು ಟೀವಿಗೆ ಜೋಡಿಸಿದೆ. ಮೊದಲು ಅದು ನನ್ನ ಹುಟ್ಟಿದ ದಿನ ಕೇಳಿತು, ಆಮೇಲೆ ಗುಪ್ತಪದ, ಆಮೇಲೆ ನಾನು ಮನುಷ್ಯಳೇ ಹೌದೋ ಎಂದು. ನಾನು ಮನುಷ್ಯಳೆಂದು ಸಾಬೀತಾದ ಸಂತೋಷಕ್ಕೆ ಪಟಾಕಿ ಹಾರಿಸಿತು. ಬೆಂಕಿದಳದವನು ಈಗ ಏಣಿಯಿಂದ ಬೀಳುವುದೇ ಇಲ್ಲ. ಬಿದ್ದರೆ ಆಟಗಾರರ ಮನಸ್ಸಿಗೆ ನೋವಾಗಬಹುದೆಂದು ಕೆಳಗೆ ಹಾಸಿಗೆ ಹಾಸಿದ್ದೀರಿ, ಬೆಂಕಿಯೂ ಅವನನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಜಾಡಿ ಆಟದಲ್ಲಿಯಂತೂ ತಮ್ಮ ಕರುಣೆಗೆ ಮೇರೆಯೇ ಇಲ್ಲ. ಜಾಡಿ ಎಲ್ಲಿ ಕೂರಬೇಕೋ ಆ ಜಾಗ ಮೊದಲೇ ಮಿನುಗುತ್ತದೆ. ನಾನು ಬೇಕೆಂದೇ ತಪ್ಪು ಜಾಗಕ್ಕೆ ತಳ್ಳಿದರೆ ಜಾಡಿ ಒಂದು ಗಳಿಗೆ ನಿಂತು, ಅನುಮಾನಿಸಿ, ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ಕೂತು, 'ಅದ್ಭುತ, ವೆನೆತಾ!' ಎನ್ನುತ್ತದೆ. ಇಪ್ಪತ್ತು ವರ್ಷ ಬಾಯಿ ಬಾಯಿಗೂ ಹಲ್ಲಿನ ಸಾಲು ಕೂರಿಸಿದವಳು ನಾನು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೆ ಅಜ್ಜಂದಿರು ಬಂದು ಮುಖಕ್ಕೆ ಹಿಡಿದು ಬಯ್ಯುತ್ತಾರೆ, ಹಾಗಾಗಿಯೇ ಕಸುಬು ಕಲಿತೆ. ಅದ್ಭುತ ಎಂದು ಇವತ್ತಿನವರೆಗೂ ಯಾರೂ ಅಂದದ್ದಿಲ್ಲ.

ಇಷ್ಟಾಗಿಯೂ ಸೋಲಲು ಹಟ ಹಿಡಿಯುವವರಿಗಾಗಿ 'ಹಿಂದಕ್ಕೆ' ಎಂಬ ಗುಂಡಿಯನ್ನೂ ಇಟ್ಟಿದ್ದೀರಿ. ಒತ್ತಿದರೆ ಆಟ ಹತ್ತು ಸೆಕೆಂಡು ಹಿಂದೆ ಹೋಗುತ್ತದೆ, ಮಾಡಿದ ತಪ್ಪು ಮಾಡದಂತೆ ಆಗುತ್ತದೆ. ಇದು ನಿಜಕ್ಕೂ ದೊಡ್ಡ ಶೋಧ. ಇದರ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿ ಇಪ್ಪತ್ತೊಂದು ವರ್ಷಕ್ಕೆ ಮುಟ್ಟಿಸಿ, ನಮ್ಮ ಕಟ್ಟಡದ ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಗುಂಡಿ ಕೂರಿಸಿಕೊಡುವುದಾದರೆ ಬೆಲೆ ಎಷ್ಟಾದರೂ ಸರಿ. ಲಿಫ್ಟು ಈಗಲೂ ಕೆಟ್ಟೇ ಇದೆ, ಕೆಲಸಕ್ಕೆ ಅಡ್ಡಿಯಾಗದು.

ತಮ್ಮ ಇಷ್ಟೆಲ್ಲ ಸಹಾಯದಿಂದ, ದಾಂಕಾ ಇಡೀ ಚಳಿಗಾಲ ಹೆಣಗಿ ಮುಟ್ಟಿದ್ದ ನೂರನೆಯ ಕಪಾಟನ್ನು ನಾನು ನಲವತ್ತು ನಿಮಿಷದಲ್ಲಿ, ಒಂದು ಕೈಯಲ್ಲಿ ಚೀಸು ತುಂಬಿದ ಬಾನಿತ್ಸಾ ತಿನ್ನುತ್ತ ಮುಗಿಸಿದೆ. ಬಂಗಾರದ ಬಟ್ಟಲು ಬಂತು, ಬಣ್ಣದ ಕಾಗದದ ಚೂರು ಸುರಿಯಿತು. ಕಪ್ಪೆ ಬರಲಿಲ್ಲ. ಮೂರು ಸಲ ಆಡಿದೆ, ಮೂರು ಸಲವೂ ಬಟ್ಟಲು.

ಇಲ್ಲಿಂದ ಮುಂದಿನದಕ್ಕೆ ತಮ್ಮನ್ನು ದೂರುವಂತಿಲ್ಲ. ಇದನ್ನು ಮಾಡಿದವಳು ನಾನೇ. ಕೈಯ ಎಣ್ಣೆ ಒರೆಸಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ವಿದಿನ್‌ಗೆ ಫೋನು ಹಚ್ಚಿ, "ಅಕ್ಕಾ, ನೂರು ಮುಗಿಸ್ದೆ. ಕಪ್ಪೆನೂ ಇಲ್ಲ, ಅದರ ಮರಿನೂ ಇಲ್ಲ!" ಎಂದು ನಕ್ಕೆ. ಆ ಕಡೆ ರೈಲಿನ ಸದ್ದು ಕೇಳಿಸಿತು. "ಸರಿ ಬಿಡು. ಇಲ್ಲ ಅಂದ್ರೆ ಇಲ್ಲ" ಎಂದಳು ದಾಂಕಾ. ಫೋನಿಟ್ಟಳು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬರಿಯ ಒರಟು ತಂಗಿಯಾಗಿ ಉಳಿಯುತ್ತಿದ್ದೆ. ಆದರೆ ನಾನು ಅಚ್ಚುಕಟ್ಟಿನವಳು. ತಮ್ಮ ವಿಭಾಗಕ್ಕೆ ಬರೆದು, ಮೂಲ ಆಟದಲ್ಲಿ ಕಪ್ಪೆ ಇತ್ತೇ ಎಂದು ವಿಚಾರಿಸಿದೆ. ಹತ್ತು ದಿನದಲ್ಲಿ ತಮ್ಮ ಉತ್ತರ ಬಂತು. ದಪ್ಪ ಕಾಗದ, ಕೆಳಗೆ ದುಂಡನೆಯ ನೀಲಿ ಮೊಹರು. 'ನಮ್ಮ ತಜ್ಞರು ಸದರಿ ಆಟವನ್ನು ಕೂಲಂಕಷವಾಗಿ ಪರಿಶೀಲಿಸಿದ್ದು, ಅದರಲ್ಲಿ ಯಾವುದೇ ಕಪ್ಪೆ ಇರುವುದಿಲ್ಲ ಹಾಗೂ ಎಂದಿಗೂ ಇರಲಿಲ್ಲ. ಬಾಲ್ಯದ ನೆನಪುಗಳು ಕೆಲವೊಮ್ಮೆ ಕಲ್ಪನೆಯೊಂದಿಗೆ ಬೆರೆಯುವುದು ಸಹಜ.' ಎಂಥ ಸೊಗಸಾದ ವಾಕ್ಯ! ಅದನ್ನು ಹೊಸ ಲಕೋಟೆಗೆ ಹಾಕಿ, ಒಂದು ಮಾತನ್ನೂ ಸೇರಿಸದೆ, ಅಕ್ಕನಿಗೆ ಅಂಚೆಯಲ್ಲಿ ಕಳಿಸಿದೆ.

ಆ ಲಕೋಟೆಯನ್ನು ಡಬ್ಬಿಗೆ ಹಾಕಿದ ಮೇಲೆ ಏಕೋ ಹಲ್ಲುಗಳು ಸರಿಯಾಗಿ ಕೂರದಾದವು. ಒಂದು ವಾರದಲ್ಲಿ ಮೂವರು ಬಂದು ಬಯ್ದರು. ಕಡೆಗೆ ನೆಲಮಾಳಿಗೆಗೆ ಹೋಗಿ ಖಾಲಿ ಜಾಡಿಗಳ ಹಿಂದಿನಿಂದ ಹಳೆಯ ಕೋಮೆತಾವನ್ನು ಎಳೆದು ತಂದೆ. ತಂತಿಯೊಂದು ಕಿತ್ತಿತ್ತು, ಹಲ್ಲು ಕಟ್ಟುವ ನಮ್ಮ ಕಾರ್ಖಾನೆಯ ಸಣ್ಣ ಬೆಸುಗೆ ಉಪಕರಣದಲ್ಲೇ ಅಂಟಿಸಿದೆ. ಅಮ್ಮನ ಕೋಣೆಯ ಹಳೆಯ ಟೀವಿಗೆ ಜೋಡಿಸಿ ಕೂತೆ. ಏಳನೆಯ ಕಪಾಟಿನಲ್ಲಿ ಸೋತೆ. ಯಾರೂ ಅದ್ಭುತ ಎನ್ನಲಿಲ್ಲ. ಪರದೆ ಕಪ್ಪಗಾಗಿ ಮತ್ತೆ ಮೊದಲ ಕಪಾಟು ಬಂತು, ಅಷ್ಟೆ. ಮಾನ್ಯರೇ, ಆ ಕಪ್ಪು ಪರದೆಯಲ್ಲಿದ್ದಷ್ಟು ಮರ್ಯಾದೆ ತಮ್ಮ ಇಡೀ ಪಟಾಕಿ ಅಂಗಡಿಯಲ್ಲಿ ನನಗೆ ಕಾಣಿಸಲಿಲ್ಲ.

ಹನ್ನೊಂದು ವಾರ ದಿನವೂ ಸಂಜೆ ಆಡಿದೆ. ಹೆಬ್ಬೆರಳಿಗೆ ಗಂಟು ಬಂತು. ಅಮ್ಮ ಪಕ್ಕದಲ್ಲಿ ಕೂತು, "ಎಡಕ್ಕೆ ತಳ್ಳೆ! ನಿನ್ನ ಕೈಗಿಷ್ಟು! ದಾಂಕಾ ಎಷ್ಟು ಚಂದ ಆಡ್ತಿದ್ಲು!" ಎಂದು ಹಂಗಿಸುತ್ತ ಬೀಜ ಒಡೆದು ತಿನ್ನುತ್ತಿದ್ದರು. ಸೆಪ್ಟೆಂಬರಿನ ಒಂದು ಶನಿವಾರ, ಅಮ್ಮ ನೆರೆಯವರೊಂದಿಗೆ ಕಾಫಿಗೆ ಹೋಗಿದ್ದಾಗ, ನೂರನೆಯ ಕಪಾಟು ಖಾಲಿಯಾಯಿತು. ಎಡಗಡೆಯಿಂದ ಒಂದು ಹಸಿರು ಜಾಡಿ ಉರುಳಿಕೊಂಡು ಬಂತು. ಮುಚ್ಚಳ ತೆರೆಯಿತು. ಹನ್ನೆರಡು ಚುಕ್ಕಿಯಲ್ಲಿ ಮಾಡಿದಂಥ, ಕಪ್ಪೆಯೋ ಗೆಣಸೋ ಎಂದು ಅನುಮಾನ ಬರುವಂಥ ಒಂದು ಕಪ್ಪೆ ಹೊರಗೆ ಬಂದು, ಸೊಂಟ ಬಗ್ಗಿಸಿ ನನಗೆ ನಮಸ್ಕಾರ ಮಾಡಿ, ಮತ್ತೆ ಜಾಡಿಯೊಳಕ್ಕೆ ಹೋಗಿ ಮುಚ್ಚಳ ಎಳೆದುಕೊಂಡಿತು. ನಾನು ನೆಲದ ಮೇಲೆ ಕೂತು ಅತ್ತೆ. ಸಂತೋಷ ವಿಭಾಗದವರಾದ ತಮಗೆ ಈ ವಿವರ ಉಪಯೋಗಕ್ಕೆ ಬರಲಾರದು. ಕಡತ ಪೂರ್ತಿಯಾಗಲೆಂದು ಬರೆದಿದ್ದೇನೆ.

ಸೋಮವಾರ ತಮ್ಮ ದೂರವಾಣಿಗೆ ಕರೆ ಮಾಡಿದೆ. ಕೊಳಲು ಪೂರ್ತಿ ಕೇಳಿದ ಮೇಲೆ ಜೇನಿನಂಥ ದನಿಯ ಒಬ್ಬ ಹುಡುಗಿ ಸಿಕ್ಕಳು. ವಿಷಯ ಹೇಳಿದೆ. ಅವಳು ಏನೋ ಹುಡುಕಿ ನೋಡಿ, "ಹಾಂ ಮೇಡಂ, ಒಂದು ಕಪ್ಪೆ ಇತ್ತಂತೆ. ಪರೀಕ್ಷೆ ಮಾಡಿದವ್ರು ಅರ್ಥ ಆಗ್ಲಿಲ್ಲ ಅಂದ್ರು, ಅದಕ್ಕೆ ತೆಗೆದು ಕಪ್ ಇಟ್ಟಿದ್ದಾರೆ. ಕಪ್ ಚೆನ್ನಾಗಿಲ್ವಾ ಮೇಡಂ?" ಎಂದಳು.

"ಹಾಗಾದರೆ ಎಂದಿಗೂ ಇರಲಿಲ್ಲ ಅಂತ ಮೊಹರು ಒತ್ತಿ ಬರೆದಿರಲ್ಲಮ್ಮ?"

"ಅದು ಎಲ್ರಿಗೂ ಕಳಿಸೋ ಕಾಗದ ಮೇಡಂ. ಮಾಯವಾದ ಚಿತ್ರದ ಬಗ್ಗೆ ಯಾರೇ ಕೇಳಿದ್ರೂ ಅದೇ ಹೋಗತ್ತೆ, ಪ್ರಾಣಿ ಹೆಸರು ಮಾತ್ರ ತುಂಬ್ತೀವಿ." ಆಮೇಲೆ ಅವಳು ನನ್ನನ್ನು ಸಮಾಧಾನ ಮಾಡುವ ಸದುದ್ದೇಶದಿಂದ ಹೇಳಿದಳು: "ಹೋಗ್ಲಿ ಬಿಡಿ ಮೇಡಂ, ಒಂದು ಕಪ್ಪೆ ತಾನೆ."

ತಜ್ಞರ ಕೂಲಂಕಷ ಪರಿಶೀಲನೆಗೆ ನನ್ನ ದೀರ್ಘದಂಡ ನಮಸ್ಕಾರ. ತಾವೇ ಅಳಿಸಿ, ಅಳಿಸಿದ ಜಾಗವನ್ನೇ ದುರ್ಬೀನು ಹಾಕಿ ನೋಡಿ, ಇಲ್ಲಿ ಏನೂ ಇಲ್ಲವೆಂದು ಮೊಹರು ಒತ್ತಿ, ಇತ್ತು ಎಂದವರ ತಲೆಯಲ್ಲೇ ದೋಷವಿರಬೇಕೆಂದು ಮೃದುವಾಗಿ ಸೂಚಿಸುವ ಈ ವಿದ್ಯೆಗೆ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪೀಠ ಸ್ಥಾಪಿಸಬೇಕು. ಮೊದಲ ವಿದ್ಯಾರ್ಥಿನಿಯಾಗಿ ಸೇರುವ ಅರ್ಹತೆ ನನಗೇ ಇದೆ. ಹನ್ನೆರಡನೆಯ ವಯಸ್ಸಿನಿಂದ ಅಭ್ಯಾಸ.

ಮರುದಿನವೇ ಹಳೆಯ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಇಡೀ ಹಗಲು ಬಸ್ಸುಗಳಲ್ಲಿ ಕೂತು ವಿದಿನ್‌ಗೆ ಹೋದೆ. ದಾಂಕಾ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದಳು, ರೈಲ್ವೆಯ ನೀಲಿ ಕೋಟು ಮೈಮೇಲೇ ಇತ್ತು. ಬಾಗಿಲಲ್ಲಿ ನನ್ನನ್ನು ಕಂಡು ಅವಳ ಮುಖ ಬಿಳುಚಿತು. "ಅಮ್ಮಂಗೆ ಏನಾಯ್ತು?"

"ಅಮ್ಮ ಗುಂಡುಕಲ್ಲಿನ ಹಂಗಿದಾರೆ. ಅಕ್ಕಾ, ಕಪ್ಪೆ ನೋಡ್ದೆ."

ಅವಳು ಬಾಗಿಲನ್ನು ಇನ್ನಷ್ಟು ತೆರೆದಳು. ಆಮೇಲೆ ಮೆಲ್ಲಗೆ, "ಟೋಪಿ ತೆಗೀತಾ?" ಎಂದು ಕೇಳಿದಳು.

"ಟೋಪಿ ಇರ್ಲಿಲ್ಲ. ಬರೀ ತಲೆ. ಬಗ್ತು, ಒಳಗೆ ಹೋಯ್ತು."

"ನೋಡು, ನಾನು ಟೋಪಿ ಇತ್ತು ಅನ್ಕೊಂಡಿದ್ದೆ" ಎಂದು ಒಳಗೆ ಹೋದಳು.

ಅಡುಗೆಮನೆಯ ಫ್ರಿಜ್ಜಿನ ಮೇಲೆ, ಮೀನಿನ ಆಕಾರದ ಆಯಸ್ಕಾಂತದ ಕೆಳಗೆ, ತಮ್ಮ ಕಂಪನಿಯ ಪತ್ರ ಇತ್ತು. ಕೋಪಕ್ಕೆ ಅಲ್ಲಿ ಸಿಕ್ಕಿಸಿದ್ದಾಳೆ ಎಂದುಕೊಂಡು ಕ್ಷಮೆ ಕೇಳಲು ಬಾಯಿ ತೆರೆದೆ. ಹುರುಳಿಕಾಯಿ ಸೂಪಿನ ಪಾತ್ರೆಯನ್ನು ಒಲೆಗೆ ಇಡುತ್ತ, ನನ್ನ ಕಡೆ ತಿರುಗದೆ ಅವಳು ಹೇಳಿದಳು.

"ಅದನ್ನ ಓದಿ ನಂಗೆ ಹಗುರ ಆಗಿತ್ತು ಕಣೆ. ಅವತ್ತು ನೀವೆಲ್ಲ ನಕ್ಕಾಗ ನಂಗೂ ಅನುಮಾನ ಬಂತು, ನಾನು ಇಲ್ಲದ್ದೆಲ್ಲ ನೋಡ್ತೀನೇನೋ ಅಂತ. ಅದಕ್ಕೇ ಅಪ್ಪನ ವಿಷಯ ಎರಡನೇ ಸಲ ಹೇಳ್ಲಿಲ್ಲ. ಕೈ ಹಿಡಿದು ಎಳ್ಕೊಂಡು ಹೋಗ್ಲಿಲ್ಲ. ಇಷ್ಟು ವರ್ಷ ಅದೇ ಕೊರೀತಿತ್ತು. ಈ ಕಾಗದ ಬಂದ್ಮೇಲೆ ಅನ್ಕೊಂಡೆ, ಕಪ್ಪೆ ಇರ್ಲೇ ಇಲ್ಲ ಅಂದ್ರೆ ನಂದು ಬರೀ ಭ್ರಮೆ. ಮೆಟ್ಟಿಲ ಹತ್ರ ಅಪ್ಪನ್ನ ನೋಡಿದ್ದೂ ಭ್ರಮೆನೇ, ಅಪ್ಪಂಗೆ ಹಂಗಾಗತ್ತೆ ಅಂತ ಯಾರಿಗೂ ಗೊತ್ತಾಗೋ ಹಂಗೆ ಇರ್ಲಿಲ್ಲ. ದಿನಾ ಬೆಳಿಗ್ಗೆ ಹಾಲು ತೆಗೆಯೋವಾಗ ಓದ್ತಿದ್ದೆ. ಈಗ ನೀನು ಬಂದು ಕಪ್ಪೆ ಇತ್ತು ಅಂತೀಯ."

ಮಾನ್ಯರೇ, ತಮ್ಮ ಉತ್ಪನ್ನದಿಂದ ಒಬ್ಬ ಗ್ರಾಹಕಿಗೆ ನಿಜವಾದ ನೆಮ್ಮದಿ ಸಿಕ್ಕ ಏಕೈಕ ದಾಖಲೆ ಇದೇ ಇರಬೇಕು. ಅದೂ ಸುಳ್ಳಿನಿಂದ ಸಿಕ್ಕದ್ದು, ಅದನ್ನೂ ನಾನು ಹೋಗಿ ಕಿತ್ತುಕೊಂಡೆ. ಸೂಪು ಕುದಿಯುತ್ತಿತ್ತು. ಹೇಳಬಹುದಾದದ್ದು ನನಗೆ ಒಂದೇ ಒಂದು ತೋಚಿತು.

"ನೀನು ಎರಡು ಸಲಾನೂ ಸರಿಯಾಗೇ ನೋಡಿದ್ದೆ ಅಕ್ಕಾ. ನೀನು ಹೇಳ್ದೆ. ಒಂದು ಸಲ ಹೇಳಿದ್ರೆ ಸಾಕಿತ್ತು. ಕೇಳ್ದೇ ಇದ್ದದ್ದು ನಾವು. ಅಪ್ಪಾನೂ ಕೇಳ್ಲಿಲ್ಲ."

ದಾಂಕಾ ಚಮಚೆಯನ್ನು ಮೇಜಿಗೆ ಕುಕ್ಕಿದಳು. "ಇದನ್ನ ಹೇಳೋಕೆ ನಿಂಗೆ ಇಪ್ಪತ್ತೊಂದು ವರ್ಷ ಬೇಕಾಯ್ತಾ, ಮೂಳಿ?" ಎಂದು ಕೂಗಿದಳು. ಆಮೇಲೆ ಬಯ್ದಳು, ಒಂದೊಂದನ್ನೂ ತಾರೀಖಿನ ಸಮೇತ ನೆನೆಸಿಕೊಂಡು, ಅತ್ತುಕೊಂಡು, ಸೂಪು ಬಡಿಸಿಕೊಂಡು ಬಯ್ದಳು. ನಾನು ಎರಡು ಬಟ್ಟಲು ಉಂಡೆ. ಅಷ್ಟು ದೊಡ್ಡ ಬೈಗುಳವನ್ನು ಅವಳಿಂದ ನಾನು ಕೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಫ್ರಿಜ್ಜಿನಿಂದ ತಮ್ಮ ಪತ್ರವನ್ನು ತೆಗೆದು, ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟು, "ಅವ್ರಿಗೇ ವಾಪಸ್ ಕಳಿಸು. ನಂಗೆ ಬೇಡ" ಎಂದಳು. ನನ್ನೊಂದಿಗೆ ಬಸ್ ನಿಲ್ದಾಣದವರೆಗೂ ಬಂದಳು. ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕಿ ರುಸೆಗೆ ಬರುವುದಾಗಿ ಹೇಳಿದ್ದಾಳೆ. ಬರುತ್ತಾಳೆ ಎಂದು ನಾನು ನಂಬಿದ್ದೇನೆ, ಯಾವ ತಜ್ಞರ ಪರಿಶೀಲನೆಯೂ ಇಲ್ಲದೆ.

ಆದ್ದರಿಂದ ತಮ್ಮ ಆ ಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಮೊಹರಿನ ಪಕ್ಕದ ಕಲೆ ಹುರುಳಿಕಾಯಿ ಸೂಪಿನದು. ಇಡೀ ಕಾಗದದಲ್ಲಿ ಸತ್ಯವಾದದ್ದು ಅದೊಂದೇ ಆದ್ದರಿಂದ ಒರೆಸಬೇಡಿ. ದಯವಿಟ್ಟು 'ಎಂದಿಗೂ ಇರಲಿಲ್ಲ' ಎಂಬ ಎರಡು ಪದಗಳನ್ನು ತಮ್ಮ ಸ್ವಂತ ಕೈಯಿಂದ, ಶಾಯಿಯಲ್ಲಿ, ಹೊಡೆದುಹಾಕಿ, ಅದರ ಮೇಲೆ ಯಾವ ಪ್ರಾಣಿಯ ಹೆಸರನ್ನೂ ತುಂಬದೆ, 'ನಮಗೆ ಗೊತ್ತಿಲ್ಲ' ಎಂದು ಬರೆದು ಅಭ್ಯಾಸ ಮಾಡಿ. ಮೊದಲಿಗೆ ಕಷ್ಟವಾದೀತು. ನನಗೂ ಆಗಿತ್ತು.

ತಮ್ಮಲ್ಲಿ ಇಟ್ಟಿದ್ದ ವಿಶ್ವಾಸವನ್ನು ಇದೇ ಲಕೋಟೆಯಲ್ಲಿ ವಾಪಸು ಪಡೆದಿರುವ,
ವೆನೆತಾ ತಾಚೆವಾ
ರುಸೆ

ಮರೆತ ಮಾತು: ತಮ್ಮ ಪೆಟ್ಟಿಗೆಯನ್ನು ಟೀವಿಯಿಂದ ಕಿತ್ತು ಇಪ್ಪತ್ತು ದಿನಗಳಾದವು. ಇವತ್ತು ಬೆಳಿಗ್ಗೆ ಅದು ನನ್ನ ಮೊಬೈಲಿಗೆ, ನನ್ನನ್ನು ಕಾಣದೆ ತನಗೆ ಬಹಳ ಬೇಸರವಾಗಿದೆ ಎಂದು ಸಂದೇಶ ಕಳಿಸಿದೆ. ದಯವಿಟ್ಟು ತಮ್ಮ ವಿಭಾಗದಿಂದ ಯಾರನ್ನಾದರೂ ಕಳಿಸಿ, ಅದರ ಪಕ್ಕ ಕೂರಿಸಿ ಸಮಾಧಾನ ಮಾಡಿಸಿ. ಆ ಜೇನುದನಿಯ ಹುಡುಗಿಯನ್ನು ಮಾತ್ರ ಬೇಡ. ಅವಳೊಬ್ಬಳು ನಿಜ ಹೇಳಿಬಿಡುತ್ತಾಳೆ.